ಐನೂರು ರೂಪಾಯಿಯೊಳಗೆ ಮಗುವಿನ ಆಟಿಕೆ: ಏನು ತರೋದು, ಏನು ಬಿಡೋದು?

ಇವತ್ತು ನಾನು ಮಾತಾಡೋದು ಪುಟ್ಟ ಮಕ್ಕಳ ಆಟಿಕೆ ಬಗ್ಗೆ. "ನನಗಿನ್ನೂ ಮದುವೇನೇ ಆಗಿಲ್ಲ, ನನಗ್ಯಾಕಪ್ಪಾ ಇದು" ಅಂತ ಸ್ಕಿಪ್ ಮಾಡ್ಬೇಡಿ. ಅಕ್ಕನಿಗೆ ಮಗು ಇರುತ್ತೆ, ಅಣ್ಣನಿಗೆ ಇರುತ್ತೆ. ಮನೇಲಿ ಫೋನ್ ಚೆನ್ನಾಗಿ ಬಳಸೋರು ನೀವೇ. ಹಾಗಾಗಿ "ಪಾಪೂಗೆ ಏನಾದ್ರೂ ಬುದ್ಧಿ ಬರೋ ಅಂಥದ್ದು ನೋಡಿ ಆರ್ಡರ್ ಮಾಡೋ" ಅನ್ನೋ ಕೆಲಸ ಕೊನೆಗೆ ನಿಮ್ಮ ತಲೆಗೇ ಬರುತ್ತೆ. ಈ ಸಂಚಿಕೆ ಸೋದರಮಾವಂದಿರಿಗೆ, ಚಿಕ್ಕಮ್ಮಂದಿರಿಗೆ, ಹೊಸದಾಗಿ ಅಪ್ಪ ಅಮ್ಮ ಆದವರಿಗೆ.

ನಾನಿರೋದು ಶೆಟ್ಟಿಕೆರೆಯಲ್ಲಿ. ತುಮಕೂರು ಜಿಲ್ಲೆ, ಚಿಕ್ಕನಾಯಕನಹಳ್ಳಿ ತಾಲ್ಲೂಕು. ಈ ಕಡೆ ತಿಪಟೂರು, ಆ ಕಡೆ ತುರುವೇಕೆರೆ, ಎಲ್ಲಿ ನೋಡಿದರೂ ತೆಂಗು. ನಮ್ಮ ಕಡೆ ಮನೆ ಖರ್ಚೆಲ್ಲ ಕೊಬ್ಬರಿ ರೇಟಿನ ಮೇಲೆ ನಿಂತಿರುತ್ತೆ. ರೇಟ್ ಬಿದ್ದ ವರ್ಷ ಹಬ್ಬದ ಬಟ್ಟೆಗೇ ಯೋಚನೆ ಮಾಡ್ತಾರೆ, ಆಟಿಕೆ ಮಾತು ದೂರ. ಆದ್ರೆ ಅದೇ ಮನೆಯ ಫೋನಿನಲ್ಲಿ ದಿನಾ ಜಾಹೀರಾತು ಬರುತ್ತೆ: ಎಜುಕೇಷನಲ್ ಟಾಯ್, ಬ್ರೈನ್ ಡೆವಲಪ್‌ಮೆಂಟ್, ಎರಡು ವರ್ಷಕ್ಕೇ ಎಬಿಸಿಡಿ. ಬೆಲೆ ಸಾವಿರ, ಎರಡು ಸಾವಿರ. ನೋಡ್ತಾ ನೋಡ್ತಾ ಒಂದು ಭಯ ಶುರುವಾಗುತ್ತೆ. "ಬೆಂಗಳೂರಲ್ಲಿರೋ ನಾದಿನಿ ಮಗು ಇದರಲ್ಲೆಲ್ಲ ಆಡುತ್ತೆ. ನಮ್ಮ ಕೂಸು ಹಿಂದೆ ಬೀಳುತ್ತಾ?"

ಆ ಜಾಹೀರಾತಿಗೆ ದುಡ್ಡು ಹುಟ್ಟೋದೇ ಈ ಭಯದಿಂದ. ನನ್ನ ಮಾತು ಇಷ್ಟೇ: ದುಬಾರಿ ಆಟಿಕೆ ಇಲ್ಲದಿದ್ದರೆ ಮಗು ಹಿಂದೆ ಬೀಳಲ್ಲ. ಕೆಲವು ದುಬಾರಿ ಆಟಿಕೆಗಳಿಂದಲೇ ನಷ್ಟ ಆಗಬಹುದು. ಯಾಕೆ ಅಂತ ನೋಡೋಣ.

ಆಟಿಕೆ ಮಾತಾಡಿದರೆ ಮನೆಯವರು ಸುಮ್ಮನಾಗ್ತಾರೆ

ಬಟನ್ ಒತ್ತಿದರೆ ಹಾಡು ಹೇಳೋ, ಲೈಟ್ ಹತ್ತೋ ಆಟಿಕೆ ನೋಡಿರ್ತೀರಿ. ಹಸುವಿನ ಚಿತ್ರ ಒತ್ತಿದರೆ "ಕೌ" ಅನ್ನುತ್ತೆ, ಮಗು ನಗುತ್ತೆ. ಮಗು ಕಲೀತಿದೆ ಅಂತ ನಮಗೂ ಖುಷಿ.

ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಆ್ಯನಾ ಸೋಸಾ ಇದನ್ನೇ ಪರೀಕ್ಷೆ ಮಾಡಿದರು. ಹತ್ತರಿಂದ ಹದಿನಾರು ತಿಂಗಳ 26 ಮಕ್ಕಳು, ಜೊತೆಗೆ ಅವರ ಅಪ್ಪ ಅಥವಾ ಅಮ್ಮ. ಮೂರು ಬಗೆ ಸಾಮಾನು ಕೊಟ್ಟರು: ಬ್ಯಾಟರಿಯ ಮಾತಾಡೋ ಆಟಿಕೆ, ಬ್ಲಾಕ್ಸ್ ಪಜಲ್ ಥರದ ಸಾದಾ ಆಟಿಕೆ, ಚಿತ್ರಪುಸ್ತಕ. ಆಡುವಾಗಿನ ಮಾತನ್ನೆಲ್ಲ ರೆಕಾರ್ಡ್ ಮಾಡಿ ಎಣಿಸಿದರು. ಬ್ಯಾಟರಿ ಆಟಿಕೆ ಜೊತೆ ಆಡುವಾಗ ದೊಡ್ಡವರು ಮಗುವಿನ ಜೊತೆ ಆಡಿದ ಮಾತು ಕಮ್ಮಿ, ಮಗು ತಿರುಗಿ ಮಾಡಿದ ಸದ್ದೂ ಕಮ್ಮಿ. ಪುಸ್ತಕ ಹಿಡಿದಾಗ ಮಾತು ಎಲ್ಲಕ್ಕಿಂತ ಜಾಸ್ತಿ. 2015ರ ಕೊನೆಯಲ್ಲಿ ಬಂದ ಅಧ್ಯಯನ ಇದು. ಚಿಕ್ಕ ಅಧ್ಯಯನ, ನಿಜ. ಆದ್ರೆ ನಮ್ಮ ಮನೆ ಜಗಲಿ ಮೇಲೆ ಕೂತು ನೋಡಿದರೂ ಇದೇ ಕಾಣುತ್ತೆ. ಪೆಟ್ಟಿಗೆ ಮಾತಾಡ್ತಿದ್ರೆ ಅಜ್ಜಿ ಸುಮ್ಮನಾಗ್ತಾರೆ. ಮಗುವಿಗೆ ಮಾತು ಬರೋದು ಪೆಟ್ಟಿಗೆಯಿಂದಲ್ಲ, ಅಜ್ಜಿಯಿಂದ.

ಇನ್ನೊಂದು ಅಧ್ಯಯನ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ್ದು, 2018ರಲ್ಲಿ ಬಂತು. ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳು. ಒಮ್ಮೆ ಮುಂದೆ ನಾಲ್ಕು ಆಟಿಕೆ ಇಟ್ಟರು, ಇನ್ನೊಮ್ಮೆ ಹದಿನಾರು. ಹದಿನಾರು ಇದ್ದಾಗ ಮಕ್ಕಳು ಇದನ್ನು ಮುಟ್ಟಿ, ಅದನ್ನು ಬಿಟ್ಟು ಓಡಾಡಿದರು. ನಾಲ್ಕೇ ಇದ್ದಾಗ ಒಂದೊಂದರ ಜೊತೆಗೂ ಜಾಸ್ತಿ ಹೊತ್ತು ಕೂತರು, ಅದರಲ್ಲೇ ಬೇರೆ ಬೇರೆ ಆಟ ಹುಡುಕಿಕೊಂಡರು. ಮನೇಲಿ ಆಟಿಕೆ ಕಮ್ಮಿ ಇದೆ ಅಂತ ಬೇಜಾರು ಮಾಡ್ಕೊಳ್ಳೋರು ಇದನ್ನ ನೆನಪಿಟ್ಕೊಳ್ಳಿ. ತುಂಬಾ ಇರೋರಿಗೂ ಉಪಾಯ ಇದೆ: ನಾಲ್ಕು ಹೊರಗಿಡಿ, ಉಳಿದದ್ದನ್ನ ಚೀಲಕ್ಕೆ ಹಾಕಿ ಅಟ್ಟಕ್ಕೆ ಇಡಿ. ಹದಿನೈದು ದಿನಕ್ಕೊಮ್ಮೆ ಬದಲಾಯಿಸಿ. ಹಳೇ ಆಟಿಕೆ ಹೊಸದಾಗುತ್ತೆ, ಖರ್ಚಿಲ್ಲ.

ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2018ರ ಡಿಸೆಂಬರಿನಲ್ಲಿ ಆಟಿಕೆ ಆರಿಸೋದರ ಬಗ್ಗೆ ಒಂದು ವರದಿ ಕೊಟ್ಟಿತ್ತು. ಸಾರ ಇದೇ: ಸಾದಾ ಆಟಿಕೆ ಸಾಕು, ಮಗುವಿನ ಜೊತೆ ಆಡೋ ಮನುಷ್ಯರು ಮುಖ್ಯ.

ಅಂಗಡಿಯಲ್ಲಿ ನಿಂತಾಗ ನೀವು ಕೇಳ್ಕೋಬೇಕಾದ ಪ್ರಶ್ನೆ ಒಂದೇ. ಇಲ್ಲಿ ಕೆಲಸ ಮಾಡೋದು ಆಟಿಕೆನಾ, ಮಗುನಾ? ಆಟಿಕೆ ತಾನೇ ಹಾಡಿ, ತಾನೇ ಓಡಿ, ತಾನೇ ಕುಣಿದರೆ ಮಗು ಬರೀ ಪ್ರೇಕ್ಷಕ. ಒಂದು ಚೆಂಡು ತಾನಾಗಿ ಏನೂ ಮಾಡಲ್ಲ. ಮಗುವೇ ಉರುಳಿಸಬೇಕು, ಹಿಂದೆ ಓಡಬೇಕು, ಮಂಚದ ಕೆಳಗೆ ಹೋದರೆ ಹುಡುಕಬೇಕು. ಕಲಿಕೆ ಅಂದ್ರೆ ಅದೇ.

ವಯಸ್ಸಿಗೆ ತಕ್ಕ ಹಾಗೆ, ತೆಂಗಿನ ಸೀಮೆಯ ಹಾಗೆ

ಒಂದು ವರ್ಷದೊಳಗಿನ ಕೂಸಿಗೆ ಬೇಕಾಗಿರೋದು ಮೂರು: ಹಿಡಿಯೋದಕ್ಕೆ, ಬಾಯಿಗೆ ಹಾಕೋದಕ್ಕೆ, ಸದ್ದು ಮಾಡೋದಕ್ಕೆ. ಒಂದು ಗಿಲಕಿ, ತೊಳೆದ ಬಟ್ಟೆಯ ಚೆಂಡು, ಸ್ಟೀಲ್ ಲೋಟ, ಮರದ ಸೌಟು, ಅಷ್ಟೇ. ಕೂಸಿಗೆ ಲೋಟ ಬೀಳಿಸೋದೇ ವಿಜ್ಞಾನ. ಇಪ್ಪತ್ತು ಸಲ ಬೀಳಿಸುತ್ತೆ, ಇಪ್ಪತ್ತು ಸಲವೂ ಕೆಳಗೇ ಬೀಳುತ್ತೆ ಅಂತ ಅದಕ್ಕೆ ಗೊತ್ತಾಗಬೇಕು. ಎತ್ತಿ ಕೊಡೋ ತಾಳ್ಮೆ ನಮಗಿರಬೇಕು.

ಒಂದರಿಂದ ಎರಡು ವರ್ಷ. ಈಗ ಮಗು ತುಂಬುತ್ತೆ, ಸುರಿಯುತ್ತೆ, ಎಳೀತದೆ, ತಳ್ಳುತ್ತೆ. ಅಡುಗೆಮನೆಯ ಡಬ್ಬಿಗಳಿವೆಯಲ್ಲ, ದೊಡ್ಡದರೊಳಗೆ ಚಿಕ್ಕದು ಕೂರೋ ಸೆಟ್, ಅದೇ ಸ್ಟ್ಯಾಕಿಂಗ್ ಟಾಯ್. ಇನ್ನು ಅಡಿಕೆ ಹಾಳೆ ಮೇಲೆ ಕೂರಿಸಿ ಅಂಗಳದಲ್ಲಿ ಎಳೆಯೋದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಬೀಳದ ಹಾಗೆ ಹಿಡಿದು ಕೂರೋದಕ್ಕೆ ಮಗು ಬೆನ್ನು, ಹೊಟ್ಟೆ, ಕೈ ಎಲ್ಲ ಬಳಸುತ್ತೆ. ನಿಧಾನವಾಗಿ ಎಳೀರಿ, ಕಲ್ಲಿಲ್ಲದ ಕಡೆ ಎಳೀರಿ.

ಎರಡರಿಂದ ಮೂರು. ಇದು ನಾಟಕದ ವಯಸ್ಸು. ಅಮ್ಮ ಮಾಡೋದನ್ನೆಲ್ಲ ಮಾಡಬೇಕು. ಪ್ಲಾಸ್ಟಿಕ್ ಕಿಚನ್ ಸೆಟ್ ಬೇಕಿಲ್ಲ. ಅಂಚು ಚೆನ್ನಾಗಿ ಉಜ್ಜಿ ನುಣುಪು ಮಾಡಿದ ನಾಲ್ಕು ತೆಂಗಿನ ಚಿಪ್ಪು, ಒಂದು ಬೋಗುಣಿ ಮಣ್ಣು, ಒಂದು ಚೊಂಬು ನೀರು ಕೊಡಿ. ಒಂದು ಚಿಪ್ಪು ಅನ್ನ, ಎರಡು ಚಿಪ್ಪು ಸಾರು ಅಂತ ಅಳೆಯೋಕೆ ಶುರು ಮಾಡುತ್ತೆ. ಮುಂದೆ ಸ್ಕೂಲಲ್ಲಿ ಬರೋ ಲೀಟರ್, ಅರ್ಧ ಲೀಟರಿಗೆ ಅಡಿಪಾಯ ಇದೇ.

ಈ ವಯಸ್ಸಿನವರ ಜೊತೆ ನಮ್ಮೂರಲ್ಲಿ ಮಾತ್ರ ಆಡಬಹುದಾದ ಒಂದು ಆಟ ಹೇಳ್ತೀನಿ. ಒಂದು ಎಳನೀರು, ಒಂದು ಬಲಿತ ಕಾಯಿ, ಅಟ್ಟದಿಂದ ಇಳಿಸಿದ ಒಂದು ಕೊಬ್ಬರಿ ಕಾಯಿ ತನ್ನಿ. ಒಂದೊಂದನ್ನೇ ಮಗುವಿನ ಕಿವಿ ಹತ್ತಿರ ಅಲ್ಲಾಡಿಸಿ. ತುಂಬಿದ ಎಳನೀರಿನಲ್ಲಿ ಸದ್ದು ಕಮ್ಮಿ. ಬಲಿತ ಕಾಯಲ್ಲಿ ನೀರು ಗುಳುಗುಳು ಅನ್ನುತ್ತೆ. ಕೊಬ್ಬರಿಯಲ್ಲಿ ನೀರು ಇಂಗಿ, ಚಿಪ್ಪು ಬಿಟ್ಟ ಉಂಡೆ ಒಳಗೇ ಗಡಗಡ ಅನ್ನುತ್ತೆ. ಆಮೇಲೆ ಕೈಗೆ ಕೊಟ್ಟು ಕೇಳಿ: ಯಾವುದು ಭಾರ? ಯಾವುದು ಹಗುರ? ಉಂಡೆ ಕೊಬ್ಬರಿಗಾಗಿ ಕಾಯನ್ನ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸೋದು ತಿಪಟೂರು ಸೀಮೆಯ ಪದ್ಧತಿ. ನಮ್ಮ ದೊಡ್ಡವರು ಕಾಯಿ ಒಣಗಿದೆಯಾ ಅಂತ ತಿಳಿಯೋದೂ ಹೀಗೇ ಅಲ್ಲಾಡಿಸಿ ನೋಡಿ. ಬಾಕ್ಸಲ್ಲಿ ಬರೋ ಸೆನ್ಸರಿ ಟಾಯ್ ಇದಕ್ಕಿಂತ ಜಾಸ್ತಿ ಏನು ಹೇಳ್ಕೊಡುತ್ತೆ?

ಮೂರರಿಂದ ಆರು. ಈಗ ಬೆರಳಿಗೆ ಕೆಲಸ ಬೇಕು. ಪೆನ್ಸಿಲ್ ಹಿಡಿಯೋ ಶಕ್ತಿ ಬರೋದು ಬರೆಸಿ ಬರೆಸಿ ಅಲ್ಲ. ಹಿಟ್ಟು ನಾದಿ, ಜೇಡಿಮಣ್ಣು ಉಂಡೆ ಮಾಡಿ, ಗರಿ ಹೆಣೆದು ಬರುತ್ತೆ. ತೆಂಗಿನ ಗರಿಯ ಪೀಪಿ, ವಾಚು, ಗಿರಿಗಿಟ್ಲೆ, ಹಾವು ಇವೆಲ್ಲ ಮಾಡೋಕೆ ನಿಮಗೆ ಬರುತ್ತಾ? ಬರದಿದ್ರೆ ಯೂಟ್ಯೂಬಿಗಿಂತ ಮೊದಲು ತಾತನನ್ನ ಕೇಳಿ. ಉದುರಿ ಬಿದ್ದ ಹರಳಿಗೆ ಕಡ್ಡಿ ಚುಚ್ಚಿ ಗಾಡಿ ಮಾಡಿಕೊಡಿ, ಚಕ್ರ ಯಾಕೆ ತಿರುಗುತ್ತೆ ಅಂತ ಮಗುವೇ ನೋಡ್ಲಿ. ಕಡ್ಡಿ ಚುಚ್ಚೋ ಕೆಲಸ ಮಾತ್ರ ನಿಮ್ಮದು. ಹೊಂಬಾಳೆಯ ದೋಣಿ ನೀರಲ್ಲಿ ತೇಲುತ್ತೆ, ಕಲ್ಲು ಯಾಕೆ ಮುಳುಗುತ್ತೆ? ಐದು ದಾಟಿದವರಿಗೆ ಅಳಿಗುಳಿ ಮಣೆ, ಚೌಕಾಬಾರ. ಅಳಿಗುಳಿ ಮಣೆಯಲ್ಲಿ ಒಂದೊಂದು ಕುಳಿಗೂ ಒಂದೊಂದು ಬೀಜ ಬಿಡ್ತಾ ಹೋಗೋದು ಅಂದ್ರೆ ಲೆಕ್ಕದ ಮೊದಲ ಪಾಠ. ಮಣೆ ಇಲ್ಲದಿದ್ದರೆ ಮೊಟ್ಟೆ ಟ್ರೇ ಕತ್ತರಿಸಿ. ಚೌಕಾಬಾರಕ್ಕೆ ಸೀಮೆಸುಣ್ಣ ಸಾಕು.

ಕೊಳ್ಳೋದಾದ್ರೆ ಏನು ಕೊಳ್ಳೋದು?

ಎಲ್ಲವನ್ನೂ ಮನೇಲೇ ಮಾಡಿ ಅಂತ ನಾನು ಹೇಳ್ತಿಲ್ಲ. ಅಂಗಡಿಯ ಆಟಿಕೆ ಬಣ್ಣಬಣ್ಣದ್ದು ಬೇಕು ಅನ್ನೋದು ಮಗುವಿನ ಆಸೆ, ತಪ್ಪಲ್ಲ. ನನ್ನ ಪಟ್ಟಿ ಇದು: ಒಂದು ರಬ್ಬರ್ ಚೆಂಡು. ಒಂದು ಸೆಟ್ ಬ್ಲಾಕ್ಸ್, ಸಾದಾ ಮರದ್ದು ಅಥವಾ ಗಟ್ಟಿ ಪ್ಲಾಸ್ಟಿಕ್. ಒಂದು ಸ್ಲೇಟು, ಬಣ್ಣದ ಸೀಮೆಸುಣ್ಣ. ಎರಡು ಮೂರು ಚಿತ್ರಪುಸ್ತಕ. ಒಂದೇ ದಿನ ಎಲ್ಲ ಬೇಡ. ಒಂದೊಂದಾಗಿ ವರ್ಷದಲ್ಲಿ ತಂದರೆ ಐನೂರು ರೂಪಾಯಿ ಆಚೀಚೆ ಮುಗಿಯುತ್ತೆ. ಬ್ಲಾಕ್ಸಿಗೇ ಜಾಸ್ತಿ ಕೇಳಿದರೆ ಪರಿಚಯದ ಬಡಗಿ ಹತ್ತಿರ ಉಳಿದ ಮರದ ತುಂಡು ಕೇಳಿ, ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ. ಬಣ್ಣ ಬೇಡವೇ ಬೇಡ.

ಚನ್ನಪಟ್ಟಣದ ಗೊಂಬೆ ಬಗ್ಗೆ ಹೇಳದಿದ್ರೆ ಹೇಗೆ? ಹಾಲೆ ಮರವನ್ನ ಲೇತ್ ಮೇಲೆ ತಿರುಗಿಸ್ತಾ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜೋ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತೆ. ಅದಕ್ಕೇ ಆ ನುಣುಪು, ಆ ಹೊಳಪು. ಮೂಲೆ ಚೂಪಿರಲ್ಲ, ಪೇಂಟಿನ ಹಾಗೆ ಸಿಪ್ಪೆ ಸಿಪ್ಪೆಯಾಗಿ ಏಳಲ್ಲ. ಈ ಕಲೆಗೆ ಭೌಗೋಳಿಕ ಸೂಚಕ, ಅಂದ್ರೆ ಜಿಐ ಮಾನ್ಯತೆ ಇದೆ. ಚಿಕ್ಕ ಗಿಲಕಿ, ಬುಗುರಿ, ರಿಂಗ್ ಸೆಟ್ ಇವು ತುಂಬಾ ದುಬಾರಿ ಆಗಲ್ಲ, ಒಂದು ಮಗುವಿಂದ ಇನ್ನೊಂದು ಮಗುವಿಗೆ ಬರುತ್ತೆ. ಮೈಸೂರು ಕಡೆ ಹೋಗೋರು ಯಾರಾದ್ರೂ ಇದ್ರೆ ಹೇಳಿ ತರಿಸಿ. ಸರ್ಕಾರದ ಕಾವೇರಿ ಮಳಿಗೆಯಲ್ಲೂ ಸಿಗುತ್ತೆ. ಚನ್ನಪಟ್ಟಣದ್ದು ಅಂತ ಹೇಳಿ ಬೇರೆ ಪೇಂಟ್ ಬಳಿದದ್ದನ್ನೂ ಮಾರೋರಿದ್ದಾರೆ, ಹಾಗಾಗಿ "ಅರಗಿನ ಬಣ್ಣನಾ, ಸಸ್ಯದ ಬಣ್ಣನಾ" ಅಂತ ಕೇಳಿ ತಗೊಳ್ಳಿ.

ಇನ್ನೊಂದು ವಿಷಯ ಬೆಲೆ ಬಗ್ಗೆ. 2025ರ ಸೆಪ್ಟೆಂಬರ್ 22ರಿಂದ ಬ್ಯಾಟರಿ, ಎಲೆಕ್ಟ್ರಾನಿಕ್ಸ್ ಇಲ್ಲದ ಆಟಿಕೆಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಎಲೆಕ್ಟ್ರಾನಿಕ್ ಆಟಿಕೆಗೆ ಶೇ 18. ಅಂದ್ರೆ ತೆರಿಗೆ ಲೆಕ್ಕದಲ್ಲೂ ಸಾದಾ ಆಟಿಕೆಯೇ ಲಾಭ.

ಈ ಭಾಗ ಮಾತ್ರ ಗಮನ ಕೊಟ್ಟು ಕೇಳಿ

ಆಟಿಕೆ ಅಗ್ಗ ಆಗಬಹುದು, ಸುರಕ್ಷತೆ ಅಗ್ಗ ಆಗಬಾರದು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆಟಿಕೆ ಅಥವಾ ಡಬ್ಬದ ಮೇಲೆ ಗುರುತು, ಅದರ ಜೊತೆ ಲೈಸೆನ್ಸ್ ನಂಬರ್ ಇರುತ್ತೆ. ಬಿಐಎಸ್ ಕೇರ್ ಅಂತ ಸರ್ಕಾರದ ಆ್ಯಪ್ ಇದೆ. ಆ ನಂಬರ್ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತೆ. ಎರಡು ನಿಮಿಷದ ಕೆಲಸ, ಅಂಗಡಿಯಲ್ಲೇ ಮಾಡಿ. ನೋಂದಾಯಿತ ಕುಶಲಕರ್ಮಿಗಳ ಆಟಿಕೆಗೆ, ಜಿಐ ಇರೋ ಆಟಿಕೆಗೆ ಈ ನಿಯಮದಿಂದ ವಿನಾಯಿತಿ ಇದೆ. ಹಾಗಾಗಿ ಚನ್ನಪಟ್ಟಣದ ಗೊಂಬೆ ಮೇಲೆ ಗುರುತಿಲ್ಲ ಅಂತ ಗಾಬರಿ ಬೇಡ. ಜಾತ್ರೆಯಲ್ಲಿ ತೂಕಕ್ಕೆ ಸಿಗೋ ಗುರುತಿಲ್ಲದ ಪ್ಲಾಸ್ಟಿಕ್, ಕೆಟ್ಟ ವಾಸನೆ ಬರೋದು, ಉಗುರಲ್ಲಿ ಕೆರೆದರೆ ಬಣ್ಣ ಏಳೋದು, ಇವು ಮೂರು ವರ್ಷದೊಳಗಿನ ಮಗುವಿಗೆ ಬೇಡ.

ಮೂರು ವರ್ಷದೊಳಗಿನ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳೋದು ದೊಡ್ಡ ಅಪಾಯ. ಹಳೇ ಕ್ಯಾಲೆಂಡರ್ ಹಾಳೆಯನ್ನ ನಾಲ್ಕು ಸೆಂಟಿಮೀಟರ್ ಅಗಲದ ಕೊಳವೆ ಮಾಡಿ ಅಂಟಿಸಿ. ಆಟಿಕೆ ಅಥವಾ ಅದರ ಬಿಡಿಭಾಗ ಆ ಕೊಳವೆಯೊಳಗೆ ತೂರಿದರೆ ಅದು ಆ ಮಗುವಿಗಲ್ಲ. ಗೋಲಿ, ಕವಡೆ, ಹುಣಸೆ ಬೀಜ, ಅಡಿಕೆ, ಚಿಕ್ಕ ಹರಳು ಎಲ್ಲ ಇದರಲ್ಲಿ ಬಂತು. ಅಣ್ಣ ಅಕ್ಕ ಅಳಿಗುಳಿ ಮಣೆ ಆಡಿದ ಮೇಲೆ ಬೀಜ ಎಣಿಸಿ ಎತ್ತಿಡೋದೂ ಆಟದ ಭಾಗ ಆಗಲಿ.

ಅದಕ್ಕಿಂತ ಅಪಾಯ ಬಟನ್ ಬ್ಯಾಟರಿ, ಅದೇ ನಾಣ್ಯದಂತಿರೋ ಬೆಳ್ಳಗಿನ ಬಿಲ್ಲೆ. ಲೈಟಿನ ಆಟಿಕೆ, ರಿಮೋಟು, ಹಾಡೋ ಗ್ರೀಟಿಂಗ್ ಕಾರ್ಡು ಎಲ್ಲದರಲ್ಲೂ ಇರುತ್ತೆ. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಹಾಗೆ ಗಾಯ ಆಗಬಹುದು. "ಬಾಳೆಹಣ್ಣು ತಿನ್ನಿಸಿ, ನಾಳೆ ಹೊರಗೆ ಬರುತ್ತೆ" ಅಂತ ಕಾಯಬೇಡಿ. ವಾಂತಿ ಮಾಡಿಸಬೇಡಿ. ನುಂಗಿದ ಅನುಮಾನ ಬಂದ್ರೂ ಸಾಕು, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಎಕ್ಸ್‌ರೇ ಇರೋ ಆಸ್ಪತ್ರೆಗೆ ಓಡಿ. ಹಳ್ಳಿಯಿಂದ ಆಸ್ಪತ್ರೆಗೆ ಹೋಗೋದಕ್ಕೇ ಹೊತ್ತಾಗುತ್ತೆ ಅನ್ನೋದರಿಂದಲೇ ಇದನ್ನ ಒತ್ತಿ ಹೇಳ್ತಿದ್ದೀನಿ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಮನೆಗೆ ತರಲೇಬೇಡಿ. ಪುಟಾಣಿ ಮ್ಯಾಗ್ನೆಟ್ ಗುಂಡುಗಳು, ನೀರಲ್ಲಿ ಹಾಕಿದರೆ ಉಬ್ಬೋ ಬಣ್ಣದ ಮಣಿಗಳು, ಇವೂ ಬೇಡ.

ಮನೆಯ ಆಟಿಕೆಗೂ ನಿಯಮ ಇದೆ. ಚಿಪ್ಪಿನ ಒಡೆದ ಅಂಚು ಉಜ್ಜಬೇಕು. ಗರಿಕಡ್ಡಿ ಚೂಪು ತುದಿ ಮುರಿದು ಕೊಡಬೇಕು, ಕಣ್ಣಿಗೆ ಚುಚ್ಚುತ್ತೆ. ತೋಟಕ್ಕೆ ಹೊಡೆಯೋ ಔಷಧಿಯ ಡಬ್ಬ, ಮುಚ್ಚಳ, ಎಷ್ಟೇ ತೊಳೆದಿದ್ರೂ ಆಟಕ್ಕೆ ಬೇಡ. ನೀರಾಟ ಆಡುವಾಗ ದೊಡ್ಡವರೊಬ್ಬರು ಅಲ್ಲೇ ಇರಬೇಕು, ಬಕೆಟ್ ನೀರಾದ್ರೂ ಸರಿ.

ಫೋನ್ ಒಂದಿದೆಯಲ್ಲ, ಅದೇ ಸಾಕು ಅನ್ನೋರಿಗೆ

ನೀವು ಇದನ್ನ ಕೇಳ್ತಿರೋದೇ ಫೋನಲ್ಲಿ, ಹಾಗಾಗಿ ನಾನು ಫೋನನ್ನ ಬೈಯಲ್ಲ. ಆದ್ರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಎರಡು ವರ್ಷ ತುಂಬೋವರೆಗೆ ಮಗುವನ್ನ ಪರದೆ ಮುಂದೆ ಕೂರಿಸಬೇಡಿ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿ ಆದಷ್ಟೂ ಒಳ್ಳೇದು.

ಫೋನಿಂದ ಉಪಯೋಗ ಬೇರೆ ಥರ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ. ಅದನ್ನ ನೀವು ಓದ್ಕೊಂಡು ಮಗುವಿಗೆ ಬಾಯಲ್ಲಿ ಹೇಳಿ, ಅಥವಾ ಪ್ರಿಂಟ್ ಹಾಕಿಸಿ ಹೊಲಿದು ಪುಸ್ತಕ ಮಾಡಿ. ಕಸದಿಂದ ಆಟಿಕೆ ಮಾಡೋದನ್ನ ದಶಕಗಳಿಂದ ಹೇಳಿಕೊಡ್ತಿರೋ ಅರವಿಂದ ಗುಪ್ತಾ ಹೆಸರು ಹುಡುಕಿ ನೋಡಿ. ಐಐಟಿ ಕಾನ್ಪುರದಲ್ಲಿ ಓದಿದವರು, 2018ರಲ್ಲಿ ಪದ್ಮಶ್ರೀ ಬಂತು. ಸ್ಟ್ರಾ, ಬೆಂಕಿಪೊಟ್ಟಣ, ಹಳೇ ಪೇಪರ್ ಇವೇ ಅವರ ಸಾಮಾನು. ಅವರ ವಿಡಿಯೋ ನೀವು ನೋಡಿ, ಮಗುವಿನ ಮುಂದೆ ಕೈಯಲ್ಲಿ ಮಾಡಿ ತೋರಿಸಿ.

ಅಂಗನವಾಡಿಯನ್ನ ಮರೀಬೇಡಿ. ಅಂಗನವಾಡಿ ನಡೆಸೋ ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ನಮ್ಮ ರಾಜ್ಯದ ತಿ. ನರಸೀಪುರ ಅದರಲ್ಲಿತ್ತು. ಇವತ್ತು ಊರೂರಲ್ಲೂ ಇದೆ. ಅಲ್ಲಿ ಬರೀ ಆಹಾರ ಅಲ್ಲ, ಆಟದ ಸಾಮಾನೂ ಇರಬೇಕು. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ ಟೀಚರ್ ಜೊತೆ ಜಗಳ ಬೇಡ. ಕಳೆದುಹೋದರೆ ಲೆಕ್ಕ ಕೊಡಬೇಕಲ್ಲ ಅನ್ನೋ ಹೆದರಿಕೆ ಅವರಿಗಿರುತ್ತೆ. "ಒಡೆದರೆ ನಾವು ಊರಿನವರು ಸೇರಿ ತಂದುಕೊಡ್ತೀವಿ ಅಕ್ಕ, ಮಕ್ಕಳು ಆಡ್ಲಿ" ಅಂತ ಹೇಳಿ ನೋಡಿ. ನಿಮ್ಮ ಹುಟ್ಟುಹಬ್ಬಕ್ಕೆ ಕೇಕಿನ ಬದಲು ಒಂದು ಸೆಟ್ ಬ್ಲಾಕ್ಸ್ ಅಂಗನವಾಡಿಗೆ ಕೊಡಿ. ಒಂದು ಮನೆಗೆ ಕೊಟ್ಟರೆ ಒಂದು ಮಗು ಆಡುತ್ತೆ, ಅಲ್ಲಿ ಕೊಟ್ಟರೆ ಬೀದಿ ಮಕ್ಕಳೆಲ್ಲ ಆಡ್ತಾರೆ. ಮೂರ್ನಾಲ್ಕು ಮನೆಯವರು ಸೇರಿ ಆಟಿಕೆ ಅದಲು ಬದಲು ಮಾಡ್ಕೊಂಡ್ರೂ ಆಯ್ತು.

ಕೊನೆಗೆ, ಸಮಯದ ಮಾತು. "ನೀನು ಸುಲಭವಾಗಿ ಹೇಳ್ತೀಯ, ಬೆಳಿಗ್ಗೆಯಿಂದ ಸಂಜೆವರೆಗೆ ಕಾಯಿ ಸುಲಿಯೋರಿಗೆ, ಕೂಲಿಗೆ ಹೋಗೋರಿಗೆ ಆಡಿಸೋಕೆ ಹೊತ್ತೆಲ್ಲಿದೆ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯಾ ವಿಚಾರಿಸಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗೋ ತಾಯಂದಿರ ಮಕ್ಕಳಿಗಾಗಿ 2023ರ ರಾಜ್ಯ ಬಜೆಟ್‌ನಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ್ದು ಅದು. ಅದಿಲ್ಲದಿದ್ದರೂ, ಆಡಿಸೋದಕ್ಕೆ ಬೇರೆ ಹೊತ್ತೇ ಬೇಕಿಲ್ಲ. ಕೆಲಸ ಮಾಡ್ತಾ ಮಾತಾಡಿದರೆ ಸಾಕು. ಕಾಯಿ ರಾಶಿ ಮಾಡುವಾಗ "ದೊಡ್ಡದು ಈ ಕಡೆ, ಚಿಕ್ಕದು ಆ ಕಡೆ ಹಾಕು ಪುಟ್ಟಿ" ಅನ್ನಿ. ಬಟ್ಟೆ ಮಡಿಸುವಾಗ "ಅಪ್ಪನ ಅಂಗಿ ಯಾವುದು?" ಅಂತ ಕೇಳಿ. ಮಗುವಿಗೆ ಅದು ಆಟ, ನಿಮಗೆ ಅದು ಕೆಲಸ, ಎರಡೂ ಒಟ್ಟಿಗೆ ನಡೆಯುತ್ತೆ.

ಹಾಗೆಯೇ ಒಂದು ಮಾತು: ಎರಡು ವರ್ಷ ಆದರೂ ಮಗು ಎರಡು ಪದ ಸೇರಿಸಿ ಮಾತಾಡ್ತಿಲ್ಲ, ಕರೆದರೆ ತಿರುಗಿ ನೋಡ್ತಿಲ್ಲ ಅನ್ನಿಸಿದರೆ ಅದಕ್ಕೆ ಯಾವ ಆಟಿಕೆಯೂ ಔಷಧಿ ಅಲ್ಲ. ಆಶಾ ಕಾರ್ಯಕರ್ತೆಗೆ ಹೇಳಿ, ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಬೇಗ ತೋರಿಸಿದಷ್ಟೂ ಒಳ್ಳೇದು.

ಮುಂದಿನ ಸಲ ಯಾರಾದ್ರೂ "ಪಾಪೂಗೆ ಏನು ಆರ್ಡರ್ ಮಾಡಲಿ" ಅಂತ ಕೇಳಿದರೆ ಈ ಸಂಚಿಕೆ ಕಳಿಸಿ. ನಿಮ್ಮೂರಲ್ಲಿ ಮಕ್ಕಳು ಏನನ್ನೆಲ್ಲ ಆಟಿಕೆ ಮಾಡ್ಕೊಂಡು ಆಡ್ತಾರೆ? ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ, ಚೆನ್ನಾಗಿರೋದನ್ನ ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.